ಜಾಲರಿ ಇಲ್ಲದ ಫ್ಯಾನು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಜಾಲರಿ. ಇದ್ದ ಜಾಲರಿಯಲ್ಲ, ಇಲ್ಲದ ಜಾಲರಿ. ಮಕ್ಕಳು ಬೆರಳು ಇಡದಿರಲೆಂದು ಟೇಬಲ್ ಫ್ಯಾನಿನ ಮುಂದೆ ಹಾಕಿರುತ್ತಾರಲ್ಲ, ಅಂಥದ್ದು.

ಸಿದ್ದರಾಜು ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರ. ಹನ್ನೊಂದು ವರ್ಷ ಬಾಳಿದ್ದನ್ನೂ ತಾತ್ಕಾಲಿಕ ಅನ್ನುವ ನಾಚಿಕೆಗೇಡು ಇಂಥ ಕಡೆ ಮಾತ್ರ ಸಾಧ್ಯ. ಪ್ರತಿ ಮಾರ್ಚಿನಲ್ಲಿ ಅವನ ನೌಕರಿ ಸಾಯುತ್ತಿತ್ತು, ಏಪ್ರಿಲಿನಲ್ಲಿ ಮತ್ತೆ ಹುಟ್ಟುತ್ತಿತ್ತು. ಈ ಸಲ ಪ್ರೊಫೆಸರು ಬೇರೆ ಮಾತು ಹೇಳಿದ್ದರು. "ಓಪನ್ ರೋಟರ್ ಪರೀಕ್ಷೆ ಪಾಸಾದರೆ ನಿನ್ನ ಹುದ್ದೆ ಖಾಯಂ. ಇಲ್ಲದಿದ್ದರೆ ಮಾರ್ಚಿಗೆ ನಮಸ್ಕಾರ."

ಓಪನ್ ರೋಟರ್ ಅಂದರೇನು ಅಂತ ಕೇಳಿದರೆ ಸಿದ್ದರಾಜು ಕಲಸಿದ ಅನ್ನ ಬಿಟ್ಟು ಹೇಳುತ್ತಾನೆ. ಈಗಿನ ವಿಮಾನದ ಇಂಜಿನ್ನಿಗೆ ಮುಂದೊಂದು ದೊಡ್ಡ ಫ್ಯಾನು, ಅದರ ಸುತ್ತ ಒಂದು ಡ್ರಮ್ಮು. ಆ ಡ್ರಮ್ಮಿನ ಭಾರ ಹೊರುವುದಕ್ಕೂ ಎಣ್ಣೆ ಸುಡಬೇಕು. ಡ್ರಮ್ಮು ಕಿತ್ತು, ರೆಕ್ಕೆಗಳನ್ನು ಉದ್ದ ಮಾಡಿ ಬಯಲಿಗೆ ಬಿಟ್ಟರೆ ಐದರಲ್ಲಿ ಒಂದು ಪಾಲು ಎಣ್ಣೆ ಉಳಿಯುತ್ತದೆ, ಆಕಾಶಕ್ಕೆ ಹೋಗುವ ಹೊಗೆಯೂ ಅಷ್ಟು ಕಡಿಮೆಯಾಗುತ್ತದೆ. ದೇಶವಿದೇಶದ ಇಂಜಿನಿಯರುಗಳು ಇದರ ಹಿಂದೆ ಬಿದ್ದಿದ್ದಾರೆ. ತೊಡಕು ಮುಖ್ಯವಾಗಿ ಸದ್ದಿನದು. ಸಿದ್ದರಾಜು ಆಳೆತ್ತರದ ಒಂದು ಮಾದರಿ ಕಟ್ಟಿ ಕಾಲೇಜಿನ ಹಿಂದೆ ಓಡಿಸಿದಾಗ ಪಕ್ಕದ ಬಡಾವಣೆಯವರು ಪೊಲೀಸರಿಗೆ ಫೋನ್ ಮಾಡಿದ್ದರು. ಹಣ ಕೊಟ್ಟ ಸಮಿತಿಯವರು ಬಂದು ನೋಡುವ ಪರೀಕ್ಷೆಗೆ ಬಯಲು ಬೇಕಾಯಿತು. ಬಯಲು ಅಂದಾಗ ಅವನಿಗೆ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ಆಚೆಯ ಅತ್ತೆಯ ಊರಿನ ಕಣ ನೆನಪಾಯಿತು. ಅದೇ ಅವನು ಮಾಡಿದ ಮೊದಲ ತಪ್ಪು.

ಬೆಳಿಗ್ಗೆ ಎಂಟಕ್ಕೆ ಟೆಂಪೊದಿಂದ ಇಂಜಿನ್ ಇಳಿಸಿ, ಕಣದ ನಡುವೆ ಸ್ಟ್ಯಾಂಡಿಗೆ ಬಿಗಿಯುವಷ್ಟರಲ್ಲಿ ಪಕ್ಕದ ಮನೆಯ ನಿಂಗಯ್ಯ ಬೀಡಿ ಹಚ್ಚಿಕೊಂಡು ಬಂದ. ಇಂಜಿನ್ನಿಗೆ ಎರಡು ಸುತ್ತು ಬಂದು ನಿಂತ.

"ಅಳಿಮಯ್ಯ, ಇದರ ಜಾಲರಿ ಎಲ್ಲಿ?"

"ಇದಕ್ಕೆ ಜಾಲರಿ ಇರಲ್ಲ ಮಾವ. ಇಲ್ಲದಿರೋದೇ ಇದರ ವಿಶೇಷ."

"ಅಂಗಂತ ಅಂಗಡಿಯವನು ಯೋಳುದ್ನಾ?"

"ಅಂಗಡೀದಲ್ಲ, ನಾನೇ ಕಟ್ಟಿದ್ದು. ವಿಮಾನದ್ದು ಇದು."

ನಿಂಗಯ್ಯ ಹೊಗೆ ಬಿಟ್ಟು ಯೋಚಿಸಿದ. "ಇಮಾನಕ್ಕಾ? ಅಂಗಾದ್ರೆ ಬೇಕೇ ಬೇಕು ಕಣಪ್ಪ. ಮ್ಯಾಲೆ ಅದ್ದು, ಕೊಕ್ಕರೆ ಎಲ್ಲ ಆರಾಡ್ತವೆ."

ಅವನ ಹಿಂದೆಯೇ ಪುಟ್ಟಮಲ್ಲಮ್ಮ ಬಂದರು. ಬೀದಿ ಕೊನೆಯಲ್ಲಿ ಹೊಸ ಮನೆ ಕಟ್ಟಿಸಿ ಮಾರನೆಯ ದಿನವೇ ಗೃಹಪ್ರವೇಶ ಇಟ್ಟುಕೊಂಡಿದ್ದ ಅವರಿಗೆ ಸಾಯುವುದಕ್ಕೂ ಪುರಸೊತ್ತಿರಲಿಲ್ಲ, ಆದರೂ ಬಂದರು. "ನನ್ ಮಗ ಹುಣಸೂರಲ್ಲಿ ತಂದ ಫ್ಯಾನ್‌ಗೆ ಜಾಲರೀನೂ ಕೊಟ್ಟವ್ರೆ, ಮ್ಯಾಲೊಂದು ಕವರೂ ಕೊಟ್ಟವ್ರೆ. ನಿನಗೆ ಯಾರೋ ಟೋಪಿ ಹಾಕವ್ರೆ ಕಣಪ್ಪ. ಬಿಲ್ಲು ಮಡಗಿದ್ದೀಯಾ?"

ಹತ್ತು ಗಂಟೆಯೊಳಗೆ ಹದಿನಾಲ್ಕು ಜನ ಕೇಳಿದರು. ಹಾಲಿನ ಡೈರಿಯವನು ಕೇಳಿದ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಕಂಡಕ್ಟರು ಬಾಗಿಲಿಂದಲೇ ಬಗ್ಗಿ ಕೇಳಿದ. ಸಿದ್ದರಾಜುವಿಗೆ ಮೈ ಉರಿಯಿತು. ಪ್ರಪಂಚದ ಬುದ್ಧಿವಂತರು ಹಗಲಿರುಳು ಕೂತು ಯಾವುದನ್ನು ಕೀಳಲು ಹೆಣಗುತ್ತಿದ್ದಾರೋ ಅದನ್ನು ಹಾಕು ಅಂತ ಒಂದು ಊರಿಗೆ ಊರೇ ಹಟ ಹಿಡಿದರೆ ಯಾರಿಗೆ ತಾನೇ ಉರಿಯುವುದಿಲ್ಲ.

ಐವತ್ತು ಹೆಜ್ಜೆ ದೂರದಲ್ಲಿ ಸ್ಟೂಲಿನ ಮೇಲೆ ಸದ್ದು ಅಳೆಯುವ ಮೀಟರ್ ಇಟ್ಟು ಒಂದು ಸಲ ಇಂಜಿನ್ ಓಡಿಸಿ ನೋಡಿದ. ಎಂಬತ್ತರ ಒಳಗಿರಬೇಕಾದ್ದು ಎಂಬತ್ತನಾಲ್ಕು ತೋರಿಸಿತು. ರೆಕ್ಕೆಯ ಓರೆ ಸರಿಮಾಡಿದರೆ ಇಳಿದೀತು ಅಂದುಕೊಂಡು ಇಂಜಿನ್ ನಿಲ್ಲಿಸಿ ತಿರುಗಿದರೆ, ಅತ್ತೆ ಸುನಂದಮ್ಮ ಕಣದ ಮೂಲೆಯಲ್ಲಿ ಬಾಯಿ ತೆರೆದು ನಿಂತಿದ್ದರು.

ಎಂಟು ದಿನದಿಂದ ಊರಿನಲ್ಲಿ ಗಾಳಿ ಬಿದ್ದುಹೋಗಿತ್ತು. ಬಡಿದ ಹುರುಳಿಯನ್ನು ತೂರುವುದಕ್ಕೆ ಗಾಳಿಯಿಲ್ಲದೆ ಎಲ್ಲರೂ ರಾಶಿ ಮುಂದೆ ಕೂತು ಆಕಾಶ ನೋಡುತ್ತಿದ್ದರು. ಈಗ ಸುನಂದಮ್ಮನ ರಾಶಿಯ ಅರ್ಧ ಹೊಟ್ಟು ಹಾರಿ ಬೇಲಿ ಮೇಲೆ ಕೂತಿತ್ತು. ಕಾಳು ಕಾಳಾಗಿ ಹುರುಳಿ ಕೆಳಗೆ ಬಿದ್ದಿತ್ತು. ಅವರು ಒಂದು ಹಿಡಿ ಎತ್ತಿ ಬೆರಳ ಸಂದಿನಲ್ಲಿ ಸುರಿಸಿ ನೋಡಿದರು.

"ಅಳಿಯಂದ್ರೆ, ಇನ್ನೊಂದು ಗಳಿಗೆ ಬುಡಿ ಅದನ್ನ."

"ಇದು ತೂರೋ ಮಿಷನ್ ಅಲ್ಲ ಅತ್ತೆ."

"ತೂರ್ತು ಕಣಪ್ಪ, ನಾನೇ ಕಂಡೆ," ಅಂದ ನಿಂಗಯ್ಯ.

ಹತ್ತು ನಿಮಿಷದಲ್ಲಿ ಮೊರ, ಚೀಲ, ಪುಟ್ಟಿ ಹಿಡಿದವರ ಸಾಲು ಬೇವಿನ ಮರದ ತನಕ ಬೆಳೆಯಿತು. ಸಿದ್ದರಾಜು ಇಂಜಿನ್ನಿಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತ. ಇದು ಸಮಿತಿಯವರು ನೋಡಬೇಕಾದ ಇಂಜಿನ್, ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಅಳೆದು ಹಾಕಿದ್ದೇನೆ, ಒಬ್ಬರೂ ಮುಟ್ಟಕೂಡದು ಅಂತ ಕೂಗಿದ. ಸುನಂದಮ್ಮನ ಮುಖ ಗಂಟಾಯಿತು.

"ಮಗಳ ಕೊಟ್ಟು ಒಂಬತ್ತು ವರ್ಸ ಆಯ್ತು. ಇವತ್ತಿನಗಂಟ ನಿಮ್ಮತ್ರ ಏನಾದ್ರೂ ಬಾಯ್‌ಬುಟ್ಟು ಕೇಳಿದ್ದೀನಾ?"

"ಸಾಯಂಕಾಲ ಸಮಿತಿಯವರು ಹೋಗಲಿ ಅತ್ತೆ, ಆಮೇಲೆ ನೀವೇ ಇಟ್ಕೊಳ್ಳಿ."

"ಸಂಜೆಗೆ ಇಬ್ಬನಿ ಬಿದ್ರೆ ಹುರುಳಿ ಮೆತ್ತಗಾಗ್ತದೆ." ಅವರು ಬತ್ತಲೆ ರೆಕ್ಕೆಗಳನ್ನು ಓರೆಗಣ್ಣಿನಲ್ಲಿ ನೋಡಿದರು. "ಹೋಗ್ಲಿ, ಹತ್ರ ಹೋಗಿ ತೂರಾಣ ಅಂದ್ರೆ ಸೆರಗು ಸಿಕ್ಕಾಕೊಂಡ್ರೆ ಏನ್ ಗತಿ. ಒಂದು ಜಾಲರಿ ಇದ್ದಿದ್ರೆ..."

"ಜಾಲರಿ ಮಾತು ಇನ್ನೊಂದ್ಸಲ ಎತ್ತಬ್ಯಾಡಿ," ಅಂದ ಸಿದ್ದರಾಜು. ಅತ್ತೆಯ ಮುಂದೆ ಅವನು ದನಿ ಏರಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಪ್ರೊಫೆಸರ ಫೋನು ಬಂತು. ಸಮಿತಿಯವರ ಜೊತೆ ಕಾರಿನಲ್ಲಿ ಮೈಸೂರು ಬಿಟ್ಟಿದ್ದೇನೆ, ಹ್ಯಾಂಡ್‌ಪೋಸ್ಟ್‌ನಿಂದ ಮುಂದೆ ನಮಗೆ ದಾರಿ ಗೊತ್ತಿಲ್ಲ, ಅಲ್ಲೇ ನಿಂತು ಕರೆತಾ. ಸಿದ್ದರಾಜು ಕೀ ಜೇಬಿಗೆ ಹಾಕಿಕೊಂಡು ನಿಂಗಯ್ಯನ ಹಳೆ ಮೊಪೆಡ್ ಏರಿ ಹೊರಟ.

ಹನ್ನೆರಡಕ್ಕೆ ಹೋದವನು ಮೂರೂಕಾಲರವರೆಗೆ ಹ್ಯಾಂಡ್‌ಪೋಸ್ಟಿನ ಟೀ ಅಂಗಡಿ ಮುಂದೆ ನಿಂತ. ಊಟಕ್ಕೆ ಹೋದರೆ ಕಾರು ತಪ್ಪೀತೆಂದು ಊಟ ಬಿಟ್ಟ. ಸಮಿತಿಯವರು ಇಷ್ಟು ದೂರ ಬಂದಿದ್ದೇವಲ್ಲ ಅಂತ ಬೀಚನಹಳ್ಳಿಗೆ ಹೋಗಿ ಕಬಿನಿ ಅಣೆಕಟ್ಟು ನೋಡಿ, ಫೋಟೊ ತೆಗೆಸಿಕೊಂಡು, ಮೀನಿನ ಊಟ ಮುಗಿಸಿ ನಿಧಾನವಾಗಿ ಬಂದರು. ಒಬ್ಬನ ಹನ್ನೊಂದು ವರ್ಷದ ಹಣೆಬರಹ ಬರೆಯಬೇಕಾದವರಿಗೆ ಅಷ್ಟಾದರೂ ಹೊಟ್ಟೆ ತುಂಬಿರಬೇಡವೆ.

ಮುಂದೆ ಮೊಪೆಡ್ಡು, ಹಿಂದೆ ಕಾರು. ಕಣದ ತಿರುವಿನಲ್ಲೇ ಸಿದ್ದರಾಜು ಬ್ರೇಕು ಹಿಡಿದ.

ಇಂಜಿನ್ ಇದ್ದಲ್ಲೇ ಇತ್ತು. ಆದರೆ ಅದರ ಸುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಿಂದ ಕಿತ್ತ ಹಳೆಯ ತಗಡನ್ನು ಬಳೆಯಂತೆ ಬಗ್ಗಿಸಿ ಕೂರಿಸಿತ್ತು. ಮುಂದುಗಡೆ ಹಸಿರು ಬಣ್ಣದ ಕಿಟಕಿ ಗ್ರಿಲ್ಲು, ಅದರ ನಡುವೆ ಕಬ್ಬಿಣದ ಪಟ್ಟಿಯಲ್ಲಿ ಬಗ್ಗಿಸಿದ ಒಂದು ನವಿಲು. ನವಿಲಿನ ನೆತ್ತಿಗೆ ಕುಂಕುಮ ಇಟ್ಟು ಕೊರಳಿಗೆ ಚೆಂಡುಹೂ ಹಾಕಿದ್ದರು. ಕಣದ ತುಂಬ ತೂರಿದ ಹುರುಳಿಯ ಎಂಟು ರಾಶಿ. ಪಕ್ಕದಲ್ಲಿ ವೆಲ್ಡಿಂಗ್ ನಸೀರ್ ವೈರು ಸುತ್ತಿಕೊಳ್ಳುತ್ತಿದ್ದ.

ಸಿದ್ದರಾಜು ಮೊಪೆಡ್ಡನ್ನು ಬೇಲಿಗೆ ಒರಗಿಸಿ ಓಡಿದ. "ಯಾರು ಮಾಡಿದ್ದು ಇದನ್ನ?"

"ನಾನೇ ಸಾರ್," ಅಂದ ನಸೀರ್, ಮೆಚ್ಚುಗೆ ಬರುತ್ತದೆ ಅಂತ ಕಾದು. "ಪುಟ್ಟಮಲ್ಲಮ್ಮೋರ ಮನೆಗೆ ಗ್ರಿಲ್ ಕೂರಿಸೋಕೆ ಬಂದಿದ್ದೆ. ಅಳಿಯಂದ್ರು ಆತುರದಲ್ಲಿ ಜಾಲರಿ ಮರ್ತು ಬಂದವ್ರೆ ಅಂತ ಸುನಂದಮ್ಮೋರು ಕರೆದ್ರು, ಅದೇ ಗ್ರಿಲ್ ಇಲ್ಲಿಗೆ ಕೂರಿಸ್ದೆ. ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ ಸಾರ್."

"ಕೀ ನನ್ನ ಜೇಬಲ್ಲಿದೆ. ಹೆಂಗ್ರಿ ಸ್ಟಾರ್ಟ್ ಮಾಡಿದ್ರಿ?"

"ಹಗ್ಗ ಸುತ್ತಿ ಎಳ್ದೆ," ಅಂದ ನಿಂಗಯ್ಯ. "ನಮ್ ಡೀಸೆಲ್ ಪಂಪೂ ಅಂಗೇ ಅಲ್ವಾ. ಎಣ್ಣೆ ಮುಗೀತು, ನಂದೇ ಒಂದಷ್ಟು ಸುರಿದಿದ್ದೀನಿ, ಬುಡು."

"ನಸೀರಣ್ಣ, ನಿಮ್ಮ ದಮ್ಮಯ್ಯ. ಇದನ್ನ ಕತ್ತರಿಸಿ ತೆಗೀರಿ. ಈ ಕ್ಷಣ ತೆಗೀರಿ."

"ತ್ರೀ ಫೇಸ್ ಕರೆಂಟು ಮೂರು ಗಂಟೆಗೇ ಹೋಯ್ತಲ್ಲ ಸಾರ್. ಐದಕ್ಕೆ ಬತ್ತದೆ. ಬಂದ ತಕ್ಷಣ ತೆಗೀತೀನಿ, ಮಾತು ಅಂದ್ರೆ ಮಾತು."

ಕಾರಿನ ಬಾಗಿಲು ತೆರೆಯಿತು. ಮೊದಲು ಇಳಿದ ಪ್ರೊಫೆಸರು ನವಿಲನ್ನು ನೋಡಿ ಬೆಳ್ಳಗಾದರು. ಅವರ ಹಿಂದೆ ಸಮಿತಿಯ ಅಧ್ಯಕ್ಷರು, ಮಫ್ಲರ್ ಸುತ್ತಿದ ಹಿರಿಯರು, ಇಂಜಿನ್ನಿಗೆ ಥೇಟ್ ನಿಂಗಯ್ಯನ ಹಾಗೆಯೇ ಎರಡು ಸುತ್ತು ಬಂದು ನಿಂತರು.

"ಈ ಜಾಲರಿ ಹಾಕಿಸಿದ್ದು ಯಾರು?"

ಮುಗಿಯಿತು ಕತೆ, ಇನ್ನು ಸುಳ್ಳು ಹೇಳಿ ಆಗುವುದೇನು ಅಂತ ಸಿದ್ದರಾಜುವಿಗೆ ಅನ್ನಿಸಿತು. "ನಮ್ಮತ್ತೆ ಸಾರ್," ಅಂದ.

ಅಧ್ಯಕ್ಷರು ಸುನಂದಮ್ಮನಿಗೆ ಕೈ ಮುಗಿದರು. "ತಾಯಿ, ಇಷ್ಟು ಜನ ಓದಿದವರಿಗೆ ಹೊಳೆಯದ್ದು ನಿಮಗೆ ಹೊಳೆದಿದೆ. ತಿರುಗುವ ಯಂತ್ರಕ್ಕೆ ಜಾಲರಿ ಇಲ್ಲದಿದ್ದರೆ ಸಮಿತಿ ಅದರ ಹತ್ತಿರವೂ ಸುಳಿಯಬಾರದು ಅಂತ ನಿಯಮ ಇದೆ. ಇವರ ನಕ್ಷೆಯಲ್ಲಿ ಜಾಲರಿಯೇ ಇರಲಿಲ್ಲ. ತಿರಸ್ಕಾರದ ಪತ್ರ ಟೈಪು ಮಾಡಿಸಿಕೊಂಡೇ ಬಂದಿದ್ದೆ." ಜೇಬಿನಿಂದ ಕಾಗದ ತೆಗೆದು ಎರಡಾಗಿ ಹರಿದರು.

ಸಿದ್ದರಾಜು ಹರಿದ ಕಾಗದವನ್ನೂ ನವಿಲನ್ನೂ ನೋಡಿದ. ಮುಚ್ಚಳವಿಲ್ಲದ ಇಂಜಿನ್ ಮಾಡಿ ಅಂತ ನಾಲ್ಕು ವರ್ಷ ಹಣ ಕೊಟ್ಟವರು, ಮುಚ್ಚಳ ಹಾಕಿದ್ದಕ್ಕೆ ಕೈ ಮುಗಿಯುತ್ತಿದ್ದಾರೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು. ಬಾಯಿಗೆ ಬಂದ ಮಾತನ್ನು ಹೆಂಡತಿ ಪವಿತ್ರಳ ಮುಖ ನೆನೆದು ನುಂಗಿದ.

ಇಂಜಿನ್ ಓಡಿತು. ತಗಡಿನ ಬಳೆ ಸದ್ದು ನುಂಗಿತೋ, ಮಧ್ಯಾಹ್ನವೆಲ್ಲ ತೂರಿ ತೂರಿ ರೆಕ್ಕೆಯೇ ಹದವಾಗಿತ್ತೋ, ಮೀಟರ್ ಎಪ್ಪತ್ತೆಂಟು ತೋರಿಸಿತು. ಎಣ್ಣೆ ಮಾತ್ರ ಒಂದು ತೊಟ್ಟೂ ಉಳಿಯಲಿಲ್ಲ, ಡ್ರಮ್ಮಿರುವ ಹಳೆ ಮಾದರಿಗಿಂತ ಒಂದು ಲೋಟ ಜಾಸ್ತಿಯೇ ಕುಡಿಯಿತು.

"ಎಣ್ಣೆ ಉಳಿಸೋಕೆ ಅಂತಲೇ ಅಲ್ವಾ ಸಾರ್ ಇದನ್ನ ಮಾಡಿದ್ದು," ಅಂತ ಸಿದ್ದರಾಜು ತಡೆಯಲಾರದೆ ಕೇಳಿಯೇಬಿಟ್ಟ. ಪ್ರೊಫೆಸರು ಅವನ ಕಾಲು ತುಳಿದರು.

"ಎಣ್ಣೆ ಮುಂದಿನ ಹಂತ," ಅಂದರು ಅಧ್ಯಕ್ಷರು. ನವಿಲಿನ ಫೋಟೊವನ್ನು ಮೂರು ಕಡೆಯಿಂದ ತೆಗೆದು, ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದು ಸಹಿ ಹಾಕಿದರು. ಯಂತ್ರವನ್ನು ಜಾಲರಿ ಸಮೇತ ಅಂಗೀಕರಿಸಲಾಗಿದೆ. ಸೋಮವಾರ ಫೋಟೊದಲ್ಲಿರುವ ಇದೇ ಸ್ಥಿತಿಯಲ್ಲಿ ಕಾಲೇಜಿನ ಸ್ಟೋರಿಗೆ ಒಪ್ಪಿಸತಕ್ಕದ್ದು. ಒಪ್ಪಿಸಿದ ರಶೀದಿ ಬಂದ ಮೇಲೆ ಸಿದ್ದರಾಜುವಿನ ಹುದ್ದೆ ಖಾಯಂ ಮಾಡತಕ್ಕದ್ದು.

ಸಿದ್ದರಾಜು ಆ ಕಾಗದವನ್ನು ನಾಲ್ಕು ಸಲ ಓದಿದ. ಕಣ್ಣು ಮಂಜಾಯಿತು. ಬೆಳಿಗ್ಗೆಯಿಂದ ಬೈದುಕೊಂಡ ಊರಿನ ಮೇಲೆಲ್ಲ ಅವನಿಗೆ ಪ್ರೀತಿ ಬಂತು. ಅತ್ತೆಯ ಕಾಲಿಗೆ ಬೀಳಲು ಹೋದ. ಸುನಂದಮ್ಮ ಹಿಂದೆ ಸರಿದು, "ನಂಗೇನೂ ಬ್ಯಾಡ, ಇನ್ ಮ್ಯಾಲಾದ್ರೂ ದೊಡ್ಡೋರ ಮಾತು ಕೇಳಿ ಸಾಕು," ಅಂದರು.

ಸಮಿತಿಯವರಿಗೆ ವಾಪಸು ಹೋಗುವ ದಾರಿಯೂ ಮರೆತಿತ್ತು. ಸಿದ್ದರಾಜು ಮತ್ತೆ ಮೊಪೆಡ್ ಏರಿ ಹ್ಯಾಂಡ್‌ಪೋಸ್ಟ್‌ವರೆಗೆ ದಾರಿ ತೋರಿಸಿದ. ಕಾರು ಮೈಸೂರಿನ ಕಡೆ ತಿರುಗಿದ ಮೇಲೆ ಹೊಟ್ಟೆ ತುಂಬ ತಿಂದು, ಊರಿಗೆಲ್ಲ ಹಂಚಲು ಎರಡು ಕೆಜಿ ಮೈಸೂರುಪಾಕ್ ಕಟ್ಟಿಸಿಕೊಂಡು ಕಣಕ್ಕೆ ಬಂದಾಗ ಆರು ಗಂಟೆ.

ಕಣದ ನಡುವೆ ಇಂಜಿನ್ ನಿಂತಿತ್ತು. ರೆಕ್ಕೆಗಳು ಸಂಜೆಯ ಬೆಳಕಿನಲ್ಲಿ ಬತ್ತಲೆಯಾಗಿ ಹೊಳೆಯುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಟೆಂಪೊದಿಂದ ಇಳಿದಾಗ ಹೇಗಿತ್ತೋ ಹಾಗೆಯೇ ಇತ್ತು. ಪಕ್ಕದಲ್ಲಿ ತಗಡಿನ ನಾಲ್ಕು ಚೂರುಗಳು ಬಿದ್ದಿದ್ದವು. ನಸೀರ್ ತನ್ನ ಸಾಮಾನನ್ನು ಗೂಡ್ಸ್ ಆಟೊಗೆ ತುಂಬುತ್ತಿದ್ದ.

"ಕರೆಂಟು ಐದಕ್ಕೆ ಸರಿಯಾಗಿ ಬಂತು ಸಾರ್," ಅಂದ. "ಮಾತು ಕೊಟ್ಟಿದ್ನಲ್ಲ. ಒಂದು ಗುರುತೂ ಕಾಣ್ದಂಗೆ ಕತ್ತರಿಸಿ ತೆಗ್ದಿದ್ದೀನಿ. ಪುಟ್ಟಮಲ್ಲಮ್ಮೋರ ನವಿಲು ಅವರ ಕಿಟಕಿಗೆ ಹೋಯ್ತು. ಸಿಮೆಂಟೂ ಹಾಕಾಯ್ತು. ನಾಳೆ ಹಾಲು ಉಕ್ಕಿಸ್ತಾರಂತೆ, ಇನ್ನು ಅದನ್ನ ದೇವ್ರೇ ಬಂದ್ರೂ ಕೀಳಂಗಿಲ್ಲ."

ಮೈಸೂರುಪಾಕಿನ ಪೊಟ್ಟಣ ಸಿದ್ದರಾಜುವಿನ ಕೈಯಿಂದ ಜಾರಿ ಹುರುಳಿ ಹೊಟ್ಟಿನ ಮೇಲೆ ಬಿತ್ತು. ಅವನು ಇಂಜಿನ್ನಿಗೆ ಎರಡು ಸುತ್ತು ಬಂದ. ಆಮೇಲೆ ಯಾರನ್ನೂ ನೋಡದೆ, ಬೆಳಿಗ್ಗೆಯಿಂದ ಹದಿನೈದು ಜನರಿಂದ ಕೇಳಿಸಿಕೊಂಡಿದ್ದ ಮಾತನ್ನು ತಾನೇ ಕೇಳಿದ.

"ಜಾಲರಿ ಎಲ್ಲಿ?"

ನಿಂಗಯ್ಯ ಬೀಡಿಯ ಬೂದಿ ಕೊಡವಿ, ಅವನ ಹೆಗಲ ಮೇಲೆ ಕೈಯಿಟ್ಟ.

"ಇದಕ್ಕೆ ಜಾಲರಿ ಇರಲ್ಲ ಕಣ ಅಳಿಮಯ್ಯ. ಇಲ್ಲದಿರೋದೇ ಇದರ ವಿಶೇಷ."