ನೊಬುಕೊಬಾಯಿ ಉಳಿಸಿದ ಮಾತು

ಶಾಂತಕುಮಾರನ ಇಷ್ಟೆಲ್ಲ ಸಂಕಟಕ್ಕೆ ಮೂಲ ಒಂದು ಬಟ್ಟಲು ಸಾರು. ಅವನು ಅದನ್ನು ಕುಡಿದದ್ದು ಜಪಾನಿನಲ್ಲಿ. ಗಂಟಲಿಗೆ ಸಿಕ್ಕಿಕೊಂಡದ್ದು ಮಾತ್ರ ಆರು ತಿಂಗಳ ಮೇಲೆ, ಹೈದರಾಬಾದಿನ ಕುಷಾಯಿಗೂಡದಲ್ಲಿ, ಒಂದು ಭಾನುವಾರ.

ಹೊಸ ಯಂತ್ರದ ಕೆಲಸ ಕಲಿಯಲೆಂದು ಕಾರ್ಖಾನೆಯವರು ಅವನನ್ನು ನಗೋಯಾ ಹತ್ತಿರದ ಒಂದೂರಿಗೆ ಕಳಿಸಿದ್ದರು. ವಾಸ್ತವ್ಯ ನೊಬುಕೊ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ. ಹೊರಡುವಾಗ ತಾಯಿ ಸಾವಿತ್ರಿಬಾಯಿ ದೇವರ ಮುಂದೆ ನಿಲ್ಲಿಸಿ ಎಚ್ಚರಿಸಿದ್ದಳು: "ಶಾಂತೂ, ಅಲ್ಲಿ ಮೀನ ಗೀನ ಬಾಯಿಗಿಟ್ಟಿ ಅಂದ್ರ ನನ್ನ ಒಲಿ ಹತ್ರ ಬರಬ್ಯಾಡ ನೋಡು."

ಮೊದಲ ರಾತ್ರಿಯೇ ನೊಬುಕೊ ಹಬೆಯಾಡುವ ಸಾರು ಕೊಟ್ಟಳು. ನೋಡಲು ಬೇಳೆಕಟ್ಟಿನ ಹಾಗಿತ್ತು. ಎರಡು ಬಟ್ಟಲು ಇಳಿಸಿದ ಮೇಲೆ ಇದರಲ್ಲೇನಿದೆ ಎಂದು ಕೇಳಿದ. ಅವಳು ನಗುತ್ತ ಪೊಟ್ಟಣ ತೋರಿಸಿದಳು. ಪೊಟ್ಟಣದ ಮೇಲಿನ ಮೀನೂ ನಗುತ್ತಿತ್ತು. ಇನ್ನೆಂದೂ ಮುಟ್ಟುವುದಿಲ್ಲವೆಂದು ಆ ರಾತ್ರಿ ಆಣೆ ಮಾಡಿದ. ಮರುದಿನ ಸಂಜೆ ಅದೇ ಹಬೆ ಮೂಗಿಗೆ ಬಡಿದಾಗ, ಆಣೆ ಮಾಡಿದವನು ಬೇರೆ ಯಾರೋ ಎಂಬಂತೆ ಬಟ್ಟಲು ಚಾಚಿದ.

ಊರಿಗೆ ಮರಳಿ ಎಲ್ಲರಿಗೂ ಒಂದೇ ಮಾತು ಹೇಳಿದ. "ಬರೇ ಮೊಸರನ್ನ ತಿಂದು ಜೀವಾ ಹಿಡದೇನ್ರಿ." ಪಕ್ಕದ ಮನೆಯ ಸುಂದರಾಬಾಯಿ ನಂಬಲಿಲ್ಲ. "ಮೊಸರನ್ನ ತಿಂದವ್ರು ಹಿಂಗ ಗುಂಡಗ ಆಗಿ ಬರ್ತಾರೇನ್ರಿ?"

ಈಗ ಆ ನೊಬುಕೊ ಹೈದರಾಬಾದು ನೋಡಲು ಬಂದಿದ್ದಳು. ಚಾರ್ಮಿನಾರ್ ಮುಗಿಯಿತು, ನಿಮ್ಮ ಮನೆಯ ಊಟ ಬೇಕು ಎಂದು ಸಂದೇಶ ಕಳಿಸಿದ್ದಳು.

ಹೆಂಡತಿ ರೇಣುಕಾ ನಸುಕಿನಿಂದ ಒಲೆ ಮುಂದೆ. "ರೀ, ಈ ಬೋಗುಣಿ ಒಂದೀಟು ತಿಕ್ಕಿ ಕೊಡ್ರಿ."

"ಸಾಬೂನು ನೀರು ಮುಟ್ಟಿದ್ರ ಕೈ ತುರಸ್ತಾವ ಅಂತ ಗೊತ್ತಿಲ್ಲೇನು ನಿನಗ?"

ಮದುವೆಯಾದ ತಿಂಗಳಿಗೇ ಹತ್ತಿಕೊಂಡ ತುರಿಕೆ ಅದು. ಔಷಧಿ ಬೇಡದ, ರಜೆಯ ದಿನ ಹೆಚ್ಚಾಗುವ ಜಾತಿಯದು.

ತಾರ್ನಾಕದ ಮೆಟ್ರೋ ನಿಲ್ದಾಣದಿಂದ ನೊಬುಕೊಳನ್ನು ಆಟೋದಲ್ಲಿ ಕರೆತರುವಾಗ ಅವನು ಪಾಠ ಶುರು ಮಾಡಿದ. ಇಬ್ಬರ ಇಂಗ್ಲಿಷೂ ಕುಂಟುತ್ತಿತ್ತಾದ್ದರಿಂದ ಅಂಗೈಯನ್ನು ಮೀನಿನಂತೆ ಈಜಿಸಿ, ಬಾಯಿ ತೋರಿಸಿ, ಕೊನೆಗೆ ತನ್ನ ಕತ್ತು ಕೊಯ್ದುಕೊಂಡು ತೋರಿಸಿದ. "ಮದರ್. ಫಿಶ್. ನೋ!"

ಆಟೋದವನು ಕನ್ನಡಿಯಲ್ಲಿ ಇದನ್ನೆಲ್ಲ ನೋಡಿ, "ಚೇಪಲ ಮಾರ್ಕೆಟ್‌ಕಾ ಸಾರ್?" ಎಂದು ಆಟೋ ಮೀನುಪೇಟೆಯತ್ತ ತಿರುಗಿಸಿಯೇಬಿಟ್ಟ. ಅವನನ್ನು ಸರಿದಾರಿಗೆ ತರುವಷ್ಟರಲ್ಲಿ ಶಾಂತಕುಮಾರನ ಅಂಗಿ ಬೆವರಿಗೆ ಮೈಗಂಟಿತ್ತು. ನೊಬುಕೊ ತುಟಿಯ ಮೇಲೆ ಬೆರಳಿಟ್ಟು ಗಂಭೀರವಾಗಿ ತಲೆಬಾಗಿದಳು. "ಪ್ರಾಮಿಸ್."

ಮನೆಯಲ್ಲಿ ಸುಂದರಾಬಾಯಿ ಆಗಲೇ ಹಾಜರು. ಒಂದು ಬಟ್ಟಲು ಹಿಟ್ಟು ಕೇಳಲು ಬಂದವಳು ಗಂಡ ತಿಪ್ಪೇಸ್ವಾಮಿಯನ್ನೂ ಎಳೆತಂದು ಊಟಕ್ಕೆ ಕೂಡಿಸಿದ್ದಳು. ನೊಬುಕೊ ಬಿಸಿ ರೊಟ್ಟಿ, ಎಣ್ಣೆಗಾಯಿ, ಖಾರದ ಶೇಂಗಾ ಹಿಂಡಿ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನಷ್ಟು ಹಿಂಡಿ ಹಾಕಿಸಿಕೊಂಡಳು. ಸಾವಿತ್ರಿಬಾಯಿ ಕರಗಿ ಹೋದಳು. "ಉಣ್ಣವಾ ನೊಬುಕೊಬಾಯಿ, ತುಪ್ಪ ಹಾಕ್ಕೋ."

ಸುಂದರಾಬಾಯಿ ಬಂದ ಕೆಲಸ ಮರೆತಿರಲಿಲ್ಲ. "ಅಲ್ಲಿ ಶಾಂತಕುಮಾರಣ್ಣಾರು ಏನು ಉಣ್ತಿದ್ರು ಅಂತ ಕೇಳ್ರಲಾ."

"ಹೌ ಈಸ್ ರೋಟಿ?" ಎಂದು ಕೇಳಿದ ಶಾಂತಕುಮಾರ.

"ಗುಡ್! ಗುಡ್!"

"ಮೊಸರನ್ನ ಅಂತಾರ," ಎಂದು ಸುಂದರಾಬಾಯಿಗೆ ಕನ್ನಡ ಮಾಡಿ ಹೇಳಿದ.

"ಗುಡ್ ಗುಡ್ ಅಂದ್ರ ಮೊಸರನ್ನ ಏನ್ರಿ?"

ಅಷ್ಟರಲ್ಲಿ ನೊಬುಕೊ ಚೀಲದಿಂದ ಫೋನು ತೆಗೆದು ಅದಕ್ಕೆ ಏನೋ ಹೇಳಿದಳು. ಫೋನು ವಾರ್ತೆ ಓದುವವರ ದನಿಯಲ್ಲಿ ಉಲಿಯಿತು: "ನಾನು ನಿಮಗಾಗಿ ಕನ್ನಡವನ್ನು ತಂದಿದ್ದೇನೆ."

ಶಾಂತಕುಮಾರನ ಕೈಯಲ್ಲಿದ್ದ ತುತ್ತು ಗಂಗಾಳಕ್ಕೆ ಬಿತ್ತು. ಸುಂದರಾಬಾಯಿ ಕೂತಲ್ಲೇ ಸರಿದು ಬಂದು, ಫೋನಿಗೆ ಕಿವಿ ಮಂದವೇನೋ ಎಂಬಂತೆ ಕೂಗಿದಳು: "ಇವ್ರು ಮೀನು ತಿಂದ್ರೇನು?"

ನೊಬುಕೊ ಪ್ರಶ್ನೆ ಕೇಳಿಸಿಕೊಂಡಳು. ಶಾಂತಕುಮಾರನನ್ನು ನೋಡಿದಳು. ಎದೆಯ ಮೇಲೆ ಕೈಯಿಟ್ಟು ಉತ್ತರಿಸಿದಳು.

"ಮೀನು? ಇಲ್ಲ. ಎಂದಿಗೂ ಇಲ್ಲ," ಎಂದಿತು ಫೋನು.

ಶಾಂತಕುಮಾರ ಬಿಟ್ಟ ಉಸಿರಿಗೆ ತಾಟಿನ ಹಪ್ಪಳ ಅಲುಗಿತು. ಆದರೆ ಸುಳ್ಳು ಹೇಳಿ ರೂಢಿಯಿಲ್ಲದ ನೊಬುಕೊಳಿಗೆ ಅಷ್ಟಕ್ಕೇ ನಿಲ್ಲಿಸಲು ಮನಸ್ಸಾಗಲಿಲ್ಲ. ಆಡಿದ ಒಂದು ಸುಳ್ಳಿನ ಪಕ್ಕದಲ್ಲಿ ಒಂದಿಷ್ಟು ಸತ್ಯ ಇಡಬೇಕೆನಿಸಿತು.

"ಇವರು ಉತ್ತಮ ಪುರುಷರು. ಪ್ರತಿ ರಾತ್ರಿ ಊಟದ ನಂತರ ಎಲ್ಲರ ಪಾತ್ರೆಗಳನ್ನು ಇವರೇ ತೊಳೆಯುತ್ತಿದ್ದರು. ಬೇಡವೆಂದರೂ ಬಿಡುತ್ತಿರಲಿಲ್ಲ. ತೊಳೆಯುವಾಗ ಹಾಡುತ್ತಿದ್ದರು. ರೇಣುಕಾ ಅದೃಷ್ಟವಂತೆ."

ಒಳಗೆ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅದರ ಹಿಂದೆಯೇ ರೇಣುಕಾ ಬಂದಳು.

"ಅಲ್ಲಿ ಸಾಬೂನು ಇತ್ತೇನು, ಕೇಳ್ರಿ."

"ಸಾಬೂನಿನಲ್ಲಿ ನಿಂಬೆಯ ಪರಿಮಳವಿತ್ತು."

"ಇವ್ರ ಕೈ ಹೆಂಗಿದ್ವು?"

"ಅವರ ಕೈಗಳು ಬಹಳ ಸಂತೋಷವಾಗಿದ್ದವು."

ಅದು ನಿಜವೇ. ಆ ಪುಟ್ಟ ಅಡುಗೆಮನೆಯಲ್ಲಿ ನೊಬುಕೊಳ ಗಂಡ ದಿನವೂ ತೋಳು ಮಡಚುವುದನ್ನು ನೋಡಿ ನಾಚಿ ಎದ್ದವನು ಇವನು. ಇವನು ತೊಳೆದದ್ದನ್ನು ಆ ಮುದುಕ ಒರೆಸುತ್ತಿದ್ದ. ಭಾಷೆ ಬೇಕಾಗಿರಲಿಲ್ಲ. ಶಾಂತಕುಮಾರನಿಗೆ ತಾನು ಆ ಮನೆಯವನೇ ಅನ್ನಿಸಿತ್ತು. ಸ್ವಂತ ಮನೆಯಲ್ಲಿ ಹಾಗೆ ಅನ್ನಿಸುವ ಅಪಾಯವನ್ನು ಮಾತ್ರ ಅವನು ತಂದುಕೊಂಡಿರಲಿಲ್ಲ.

ಸುಂದರಾಬಾಯಿ ಮೆಲ್ಲಗೆ ಗಂಡನ ಕಡೆ ತಿರುಗಿದಳು. ತಿಪ್ಪೇಸ್ವಾಮಿ ನೀರು ಕುಡಿಯುವ ನೆಪದಲ್ಲಿ ಚೊಂಬಿನೊಳಗೆ ಮುಖ ಮುಚ್ಚಿಕೊಂಡ.

ರೇಣುಕಾ ಸೆರಗು ಸೊಂಟಕ್ಕೆ ಸಿಗಿಸುವುದನ್ನು ಕಂಡು ಶಾಂತಕುಮಾರ ಕಂಗಾಲಾದ. ಉಳಿದದ್ದು ಒಂದೇ ದಾರಿ.

"ಅವ್ವಾ! ಆಕಿ ಸುಳ್ಳು ಹೇಳ್ಯಾಳ! ನಾ ದಿನಾ ಮೀನಿನ ಸಾರು ಕುಡದೀನಿ! ಬಟ್ಟಲಗಟ್ಟಲೆ! ಇನ್ನ ನಾ ನಿನ್ನ ಒಲಿ ಹತ್ರ ಬರೂಹಂಗಿಲ್ಲವ್ವಾ!"

ಫೋನು ಇದನ್ನೂ ನಿಷ್ಠೆಯಿಂದ ಅನುವಾದಿಸಿತು. ತಾನು ಕಾಪಾಡಿದ ಗುಟ್ಟನ್ನು ಅವನೇ ಒದರಿದ್ದು ಯಾಕೆಂದು ತಿಳಿಯದೆ ನೊಬುಕೊ ಕಣ್ಣು ಪಿಳಿಪಿಳಿ ಬಿಟ್ಟಳು.

ಸಾವಿತ್ರಿಬಾಯಿ ಶಾಂತವಾಗಿ ಮಜ್ಜಿಗೆ ಮುಗಿಸಿದಳು. "ಬರಬ್ಯಾಡಪ್ಪಾ. ಮಾತಂದ್ರ ಮಾತು. ಒಲಿ ಒಳಗೈತಿ, ಅತ್ತ ಹಾಯಬ್ಯಾಡ." ಬಾಯಿ ಒರೆಸಿಕೊಂಡಳು. "ಭಾಂಡೆ ಹಿತ್ತಲದ ನಳದ ಹತ್ರ ಅದಾವ."

ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಬೋಗುಣಿಯ ಸದ್ದು ಎದ್ದಿತು. ಕಾಂಪೌಂಡಿನ ಆಚೆಯಿಂದಲೂ ಅಂಥದೇ ಸದ್ದು, ಜೊತೆಗೆ ತಿಪ್ಪೇಸ್ವಾಮಿಯ ಗೋಳು: "ಜಪಾನಕ್ಕ ಹೋದಾವ್ರು ನೀವು. ನಾ ಯಾಕ ತಿಕ್ಕಬೇಕ್ರೀ?"

ಶಾಂತಕುಮಾರ ತಲೆ ಎತ್ತಿದ. ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ನೊಬುಕೊ ಪಕ್ಕದಲ್ಲಿ ಬಂದು ಕೂತಿದ್ದಳು. ಅವಳ ಹಿಂದೆ ಬಾಗಿಲಿಗೊರಗಿ ರೇಣುಕಾ. ನೊಬುಕೊ ಫೋನಿಗೆ ಏನೋ ಪಿಸುಗುಟ್ಟಿದಳು.

"ಇಂದು ಹಾಡುವುದಿಲ್ಲವೇ?" ಎಂದು ಕೇಳಿತು ಫೋನು.