ಶನಿವಾರ ಬಂದ ಹನ್ನೆರಡು ಟನ್

ನನ್ನ ಡೈರಿಯಲ್ಲಿ ಮಗಳ ಲಸಿಕೆಯ ತಾರೀಖಿಗೂ ಗ್ಯಾಸ್ ಬುಕ್ ಮಾಡಿದ ದಿನಕ್ಕೂ ನಡುವೆ ಒಂದು ಘೋಷಣೆ ಇದೆ. ಕೆಂಪು ಇಂಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ: "ಇನ್ನು ಈ ಮನೆಯಲ್ಲಿ ಸುತ್ತಿಗೆ ಏಳಕೂಡದು. ಯಂತ್ರವನ್ನು ನಾನೇ ತರುವೆ." ದಂಡೆತ್ತಿ ಹೊರಟ ಸುಲ್ತಾನನೂ ಇಷ್ಟು ಗತ್ತಿನಿಂದ ಫರ್ಮಾನು ಹೊರಡಿಸಿರಲಿಕ್ಕಿಲ್ಲ. ನಮ್ಮ ಮಾಳಿಗೆ ಏರಿದರೆ ಬೀದರ ಕೋಟೆಯ ಗೋಡೆ ಕಾಣುತ್ತದೆ. ಅದರ ಪರಿಣಾಮವೂ ಇರಬಹುದು.

ನಮ್ಮವರು, ಅಂದರೆ ಸ್ವಪ್ನಿಲ, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹಳೆಯ ಕಾರುಗಳಿಗೆ ಮರುಜನ್ಮ ಕೊಡುವವರು. ಇಲ್ಲಿಯವರೆಗೆ ಕೊಟ್ಟದ್ದೆಲ್ಲ ಗೆಳೆಯರ ಗಾಡಿಗಳಿಗೆ, ಚಹದ ಮೇಲೆ. ಮೊದಲ ಖರೇ ಗಿರಾಕಿ ಭಾಲ್ಕಿಯ ಮನ್ಮಥಪ್ಪನವರು. ಅವರ ಅಂಬಾಸಿಡರ್ ಹದಿನಾಲ್ಕು ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಹೆಂಡತಿ ಅನುಸೂಯಾಬಾಯಿ ಮದುವೆಯಾಗಿ ಔರಾದಿನಿಂದ ಭಾಲ್ಕಿಗೆ ಬಂದದ್ದು ಅದರಲ್ಲೇ. ಈಗ ಔರಾದಿನಲ್ಲಿ ಆಕೆಯ ತಮ್ಮ ಹೊಸ ಮನೆ ಕಟ್ಟಿದ್ದ, ಭಾನುವಾರ ಗೃಹಪ್ರವೇಶ. ಹೋದರೆ ಅದೇ ಗಾಡಿಯಲ್ಲಿ, ಇಲ್ಲದಿದ್ದರೆ ಹೋಗುವುದೇ ಇಲ್ಲ ಎಂದು ಆಕೆಯ ಹಟ.

"ಐತವಾರ ಮುಂಜಾನಿ ಎಂಟಕ್ಕ ಬರ್ತೇವಿ," ಎಂದಿದ್ದರು ಮನ್ಮಥಪ್ಪನವರು. "ತಯಾರ ಇದ್ರ ಭಾಲ್ಕ್ಯಾಗ ಇನ್ನೂ ಮೂರು ಗಾಡಿ ಅವ, ನಾನೇ ಕಳಸ್ತೇನಿ. ಇಲ್ಲಂದ್ರ ಇದನ್ನ ಲಾರಿ ಮ್ಯಾಲ ಹಾಕಿ ಹೈದ್ರಾಬಾದಿಗಿ ಒಯ್ತೇನಿ. ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ."

ಉಳಿದಿದ್ದು ಒಂದೇ ಕೆಲಸ, ಹಿಂದಿನ ಗಾಲಿಯ ಬೇರಿಂಗ್. ಅದು ಗಾಲಿ ತಿರುಗಿಸುವ ಕಬ್ಬಿಣದ ದಂಡದ, ಅಂದರೆ ಆಕ್ಸಲಿನ, ತುದಿಗೆ ಹೊಸ ಅಳಿಯ ಮಾವನ ಮನೆಗೆ ಅಂಟಿಕೊಂಡಂತೆ ಅಂಟಿಕೊಂಡಿರುತ್ತದೆ. ನಮ್ಮವರು ಸುತ್ತಿಗೆಯಿಂದ ಹೊಡೆದು ಕೂಡಿಸಲು ಹೋಗಿ ಎರಡು ಹೊಸ ಬೇರಿಂಗ್ ಒಡೆದರು. ಇಂಥ ಕೆಲಸ ಮಾಡಿಕೊಡುವ ಲೇತ್ ಅಂಗಡಿಯವರು ಮಗಳ ಬಾಣಂತನಕ್ಕೆಂದು ಬಾಗಿಲು ಹಾಕಿಕೊಂಡು ಹೋಗಿದ್ದರು.

"ಪ್ರೆಸ್ ಇದ್ರ ಐದು ಮಿನಿಟಿನ ಕೆಲಸ," ಎಂದರು ನಮ್ಮವರು, ಒಡೆದ ಬೇರಿಂಗನ್ನು ಸತ್ತ ಗುಬ್ಬಿಯಂತೆ ಅಂಗೈಯಲ್ಲಿ ಹಿಡಿದು. ಪ್ರೆಸ್ ಎಂದರೆ ಕಬ್ಬಿಣದ ಚೌಕಟ್ಟು, ಅದರೊಳಗೊಂದು ಎಣ್ಣೆಯ ಜಾಕು. ಹಿಡಿಕೆ ಒತ್ತುತ್ತ ಹೋದರೆ ಹನ್ನೆರಡು ಟನ್ ಭಾರ ಸದ್ದಿಲ್ಲದೆ ಇಳಿಯುತ್ತದೆ.

ಆಗಲೇ ನಾನು ಕೆಂಪು ಪೆನ್ನು ಹಿಡಿದದ್ದು.

ಮಗಳಿಗೆ ಹಾಲುಣಿಸುತ್ತಲೇ ಒಂದು ಕೈಯಲ್ಲಿ ಮೊಬೈಲ್ ಹಿಡಿದು ನೂರಾ ಹನ್ನೊಂದು ಜನರ ಅಭಿಪ್ರಾಯ ಓದಿದೆ. ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸಿದೆ. ಅದರ ಬಗ್ಗೆ ಒಬ್ಬ "ಒಳ್ಳೆಯದು" ಎಂದಿದ್ದ, ಇನ್ನೊಬ್ಬ "ಡಬ್ಬಿ ಗಟ್ಟಿ ಇದೆ" ಎಂದಿದ್ದ. ನನಗೆ ಅಷ್ಟು ಸಾಕಾಯಿತು.

"ಒಂದು ಮಾತು ಅವ್ವಗ ಹೇಳೂಣು?" ಎಂದರು ನಮ್ಮವರು.

"ಬಂದ ಮ್ಯಾಲ ನೋಡ್ತಾರ ಬಿಡ್ರಿ. ಖುಷಿ ಆಗ್ತಾರ."

ಶುಕ್ರವಾರ ಬರಬೇಕಾದದ್ದು ಶನಿವಾರ ಮುಂಜಾನೆ ಬಂತು. ನಮ್ಮ ಅತ್ತೆ ವಿಮಲಾಬಾಯಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ಟೆಂಪೋದವನು ಡಬ್ಬಿಯನ್ನು ಅವರ ಕಾಲ ಬುಡದಲ್ಲೇ ಧೊಪ್ಪನೆ ಇಳಿಸಿ ಹೋದ.

"ಏನವ್ವ ಇದು?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. "ಶೆಡ್ಡಿನ ಸಾಮಾನರಿ" ಎಂದರೂ ಮುಗಿಯುತ್ತಿತ್ತು. ಆದರೆ ಗೆದ್ದವರಿಗೆ ಬಾಯಿ ನಿಲ್ಲುವುದಿಲ್ಲ.

"ಮಷೀನರಿ ಅತ್ತಿ! ಪೂರ್ತಿ ಗಟ್ಟಿ ಕಬ್ಬಿಣ. ಒಳಗ ಎಣ್ಣೀನೂ ತುಂಬೇ ಕಳ್ಸ್ಯಾರ."

ಅತ್ತೆಯ ಕೈಯಲ್ಲಿ ಮೊರ ನಿಂತಿತು.

"ಇವತ್ತ ಯಾ ವಾರ?"

ಆಗ ನನಗೆ ನೆನಪಾಯಿತು: ಶನಿವಾರ ಮನೆಗೆ ಕಬ್ಬಿಣ ತರಬಾರದು, ಎಣ್ಣೆ ತರಬಾರದು. ನಮ್ಮ ತವರಿನಲ್ಲೂ ಇದೇ ಶಾಸ್ತ್ರ; ಶನಿವಾರ ಒಂದು ಸೂಜಿಯನ್ನೂ ಕೊಳ್ಳುತ್ತಿರಲಿಲ್ಲ.

"ಮಂದಿ ಒಂದೊಂದು ತಪ್ಪು ಮಾಡ್ತಾರ," ಎಂದರು ಅತ್ತೆ. "ನೀ ಕಬ್ಬಿಣ, ಎಣ್ಣಿ ಎರಡೂ ಒಂದೇ ಡಬ್ಬ್ಯಾಗ ತರ್ಸೀದಿ. ನಾಳಿ ಹೊತ್ತು ಹುಟ್ಟಿದ ಮ್ಯಾಲ ಒಳಗ ಬರ್ಲಿ."

"ನಾಳಿ ಹೊತ್ತು ಹುಟ್ಟಿದ ಕೂಡ್ಲೇ ಮನ್ಮಥಪ್ಪನೋರು ಬರ್ತಾರವ್ವ," ಎಂದು ನಮ್ಮವರು ಮೆಲ್ಲಗೆ ಅಂದರು. ಅತ್ತೆ ಬೇಳೆಯಲ್ಲಿ ಕಲ್ಲು ಹುಡುಕತೊಡಗಿದರು. ಮಾತು ಮುಗಿಯಿತೆಂದು ಅರ್ಥ.

ಪಾರು ಮಾಡಿದವರು ಎದುರುಮನೆಯ ಮಹಮೂದಾ ಬೇಗಂ. ಬಾಗಿಲ ಪರದೆ ಸರಿಸಿ ಎಲ್ಲ ಕೇಳಿಸಿಕೊಂಡಿದ್ದರು. "ಅರೇ, ನಮ್ಮ ಅಂಗಳದಾಗ ಇಟ್ಟು ಕೆಲಸ ಮುಗಸ್ರಿ ಬೇಟಾ. ನಮಗ ಶನಿವಾರದ ತಕಲೀಫ್ ಇಲ್ಲ."

ಅತ್ತೆ ತಲೆ ಎತ್ತದೆ ಅಂದರು, "ಅಲ್ಲಿ ಏನರೆ ಮಾಡ್ಕೋರಿ. ಹೊರಗ ಹೋಗೂದಕ್ಕ ನನ್ನ ತಕರಾರಿಲ್ಲ."

ಡಬ್ಬಿ ರಸ್ತೆ ದಾಟಿತು. ಹಿಂದೆಯೇ ಶೆಡ್ಡಿನಿಂದ ಆಕ್ಸಲ್, ಹೊಸ ಬೇರಿಂಗ್, ಪಾನಾಗಳು ಹೋದವು. ಕೊನೆಗೆ ನಾನು, ಕಂಕುಳಲ್ಲಿ ಹತ್ತು ತಿಂಗಳ ಮಗಳು ಈಶ್ವರಿ.

ಡಬ್ಬಿ ಮಾತ್ರ ನಿಜಕ್ಕೂ ಗಟ್ಟಿ ಇತ್ತು. ಒಳಗೆ ಇಪ್ಪತ್ಮೂರು ತುಂಡು ಕಬ್ಬಿಣ, ಒಂದು ಚೀಟಿ. ಚೀಟಿಯಲ್ಲಿ ಅಕ್ಷರವಿಲ್ಲ, ನಗುತ್ತಿರುವ ಒಬ್ಬ ಮನುಷ್ಯನ ಚಿತ್ರ ಮಾತ್ರ. ಎರಡು ತಾಸು ಕುಸ್ತಿ ಹಿಡಿದು ನಿಲ್ಲಿಸಿದರೆ ಚೌಕಟ್ಟು ಬಲಕ್ಕೆ ವಾಲಿತು. ಒಂದು ಕಾಲು ಗಿಡ್ಡ.

"ಇದು ಕಬ್ಬಿನ ಹಾಲು ತೆಗ್ಯೂದೇನ್ರಿ?" ಎಂದರು ಮಹಮೂದಾ ಬೇಗಂ.

"ಅಲ್ಲರಿ ಖಾಲಾ. ಹನ್ನೆರಡು ಟನ್ ಒತ್ತತದ."

"ತನಗೇ ಸೀದಾ ನಿಂದರ್ಲಿಕ್ಕೆ ಬರಲ್ದು, ಮಂದೀನ ಏನ್ ಒತ್ತತದ?" ಎನ್ನುತ್ತ ಒಳಗಿನಿಂದ ಒಂದು ಮುರಿದ ಶಹಾಬಾದಿ ಕಲ್ಲು ತಂದು ಗಿಡ್ಡ ಕಾಲಿನ ಕೆಳಗೆ ತುರುಕಿದರು. ಯಂತ್ರ ನೆಟ್ಟಗಾಯಿತು. ನಮ್ಮವರು ಹಿಡಿಕೆ ಒತ್ತಿದರು. ಆಕ್ಸಲಿಗೆ ಕಚ್ಚಿಕೊಂಡಿದ್ದ ಒಡೆದ ಬೇರಿಂಗಿನ ಬಳೆ ನರಳಿತು, ಠಣ್ ಎಂದು ಕಳಚಿ ಬಿತ್ತು. ಹೊಸದು ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು. ಐದೇ ಮಿನಿಟು. ನಮ್ಮವರ ಮುಖ ನೋಡಬೇಕಿತ್ತು. ಈಶ್ವರಿ ಹುಟ್ಟಿದ ದಿನವೂ ಇಷ್ಟು ಅರಳಿರಲಿಲ್ಲ.

ಮರುಗಳಿಗೆ ಆ ಮುಖ ಬಾಡಿತು. "ಪ್ರಣಿತಾ, ಈ ಆಕ್ಸಲ್ ಇನ್ನ ಒಳಗ ಹ್ಯಾಂಗ ಹೋಗ್ಬೇಕು?"

ಹೊರಗೆ ಹೋಗಲು ತಕರಾರಿಲ್ಲ ಎಂದಿದ್ದರು ಅತ್ತೆ. ಹಾಗಾದರೆ ಒಳಗೆ ಬರಲು ಇದೆ ಎಂದಾಯಿತು. ಆಕ್ಸಲೂ ಕಬ್ಬಿಣವೇ. ಆಕ್ಸಲ್ ಇಲ್ಲದೆ ಗಾಡಿ ಇಟ್ಟಂಗಿಯ ಮೇಲೆ ಕೂತಿದೆ. ಇರುವುದು ಒಂದೇ ಗೇಟು, ಅದರ ಪಕ್ಕದಲ್ಲಿ ಅತ್ತೆ, ಮೊರದಲ್ಲಿ ಇನ್ನೂ ಎರಡು ಸೇರು ಬೇಳೆ.

ಆಕ್ಸಲನ್ನು ಎತ್ತಿ ನೋಡಿದೆ. ತೂಕ ಹೆಚ್ಚುಕಡಿಮೆ ಈಶ್ವರಿಯದೇ. ಉದ್ದವೂ ಅಷ್ಟೇ. ಒಂದು ತುದಿ ತಲೆಯ ಹಾಗೆ ದುಂಡಗೆ. ದೇವರೇ ತೋರಿಸಿದ ದಾರಿ ಎಂದುಕೊಂಡೆ.

"ಬ್ಯಾಡ," ಎಂದರು ನಮ್ಮವರು, ನಾನು ಇನ್ನೂ ಬಾಯಿ ತೆರೆಯುವ ಮೊದಲೇ.

ಈಶ್ವರಿಯನ್ನು ಬೇಗಂ ಅವರ ಮಡಿಲಿಗೆ ಹಾಕಿದೆ. ಅವಳ ಚಾದರವನ್ನು ಆಕ್ಸಲಿಗೆ ಸುತ್ತಿ, ತಲೆಯಿಂದ ಬೆನ್ನು ಮುಚ್ಚುವ ಅವಳ ಕುಂಚಿಗೆಯನ್ನು ದುಂಡು ತುದಿಗೆ ಕಟ್ಟಿ, ಹೆಗಲ ಮೇಲೆ ಮಲಗಿಸಿಕೊಂಡು ಬೆನ್ನು ತಟ್ಟುತ್ತ ರಸ್ತೆ ದಾಟಿದೆ. ಜೋಗುಳವನ್ನೂ ಗುನುಗಿದೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

"ಇಂಥಾ ಬಿಸಲಾಗ ಕೂಸಿಗಿ ಕುಂಚಗಿ ಯಾಕವ್ವ?"

"ಗಾಳಿ ಅದರಿ ಅತ್ತಿ."

ಎದುರಿನ ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ತಾ ಇಲ್ಲಿ, ಕುಂಚಗಿ ತೆಗೀತೇನಿ."

"ಮಲಗ್ಯಾಳರಿ. ಎಚ್ಚರಾಗ್ತಾಳ."

"ಗಾಳಿ ಅದ ಅಂದ್ರ ಕಾಲರೆ ಮುಚ್ಚು," ಎನ್ನುತ್ತ ಅತ್ತೆ ಮೊಮ್ಮಗಳ ಪಾದಕ್ಕೆಂದು ಚಾದರದೊಳಗೆ ಕೈ ಹಾಕಿದರು.

ಆ ಕ್ಷಣ ಅವರ ಮುಖದಲ್ಲಿ ಕಂಡದ್ದನ್ನು ತಮಾಷೆಯಾಗಿ ಬರೆಯಲು ನನ್ನಿಂದ ಆಗುವುದಿಲ್ಲ. "ಕೂಸು ಥಣ್ಣಗಾಗ್ಯಾದ," ಎಂದರು. ಮರುಕ್ಷಣ ಓಣಿಯೆಲ್ಲ ಕೇಳುವಂತೆ "ಸ್ವಪ್ನಿಲಾ!" ಎಂದು ಕೂಗಿದರು. ಮೊರ ಹಾರಿತು, ಬೇಳೆ ರಸ್ತೆಯ ಪಾಲಾಯಿತು. ನಮ್ಮವರು ಗ್ರೀಸಿನ ಕೈಯಲ್ಲೇ ಓಡಿ ಬಂದರು. ಅವರ ಹಿಂದೆ ಮಹಮೂದಾ ಬೇಗಂ, ಅವರ ಸೊಂಟದ ಮೇಲೆ ಬಿಸ್ಕೀಟು ಚೀಪುತ್ತ ಈಶ್ವರಿ.

ಅತ್ತೆ ಆ ಕೂಸು ನೋಡಿದರು, ಈ ಕೂಸು ನೋಡಿದರು, ಕಟ್ಟೆಯ ಮೇಲೆ ಕುಸಿದು ಕೂತರು. ಈಶ್ವರಿಯನ್ನು ಕಸಿದುಕೊಂಡು ಕಾಲು, ಕೈ, ಹೊಟ್ಟೆ, ಕಿವಿ ಒಂದೊಂದನ್ನೇ ಮುಟ್ಟಿ ನೋಡಿದರು. ನಾನು ಅವರ ಕಾಲ ಬಳಿ ಕೂತೆ. ಆಕ್ಸಲ್ ಕುಂಚಿಗೆ ಸಮೇತ ನನ್ನ ಮಡಿಲಲ್ಲೇ ಇತ್ತು.

"ತಪ್ಪಾತರಿ ಅತ್ತಿ. ನೀವು ಒಳಗ ಬಿಡಂಗಿಲ್ಲ ಅಂತ ತಿಳದೆ."

"ಯಾರು ಅಂದ್ರು ಬಿಡಂಗಿಲ್ಲಂತ?"

"ಹೊರಗ ಹೋಗೂದಕ್ಕ ತಕರಾರಿಲ್ಲ ಅಂದ್ರಿ. ಅದಕ್ಕ, ಬರೂದಕ್ಕ..."

"ಹೊಸಾದು ತರಬಾರ್ದು. ನಮ್ಮ ಮನ್ಯಾಂದು ಹೊರಗ ಹೋಗಿ ತಿರುಗಿ ಬಂದ್ರ ಅದು ತಂದಂಗ ಆತೇನು? ನಿನ್ನ ಗಂಡ ಮುಂಜಾನಿ ಸ್ಕೂಟರ್ ಮ್ಯಾಲ ಹಾಲಿಗಿ ಹೋಗಿ ಬಂದ. ಸ್ಕೂಟರ್ ಏನ್ ಕಟಿಗೀದಾ?"

ಮಹಮೂದಾ ಬೇಗಂ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ನಮ್ಮವರು ಆಕಾಶ ನೋಡಿದರು.

"ಒಂದು ಮಾತು ಕೇಳಿದ್ರ ನಾ ಹೇಳ್ತಿದ್ದಿಲ್ಲೇನು?" ಎಂದರು ಅತ್ತೆ. ಈ ಸಲ ಧ್ವನಿ ತಗ್ಗಿತ್ತು.

ಊರು ಹೆಸರು ಗೊತ್ತಿಲ್ಲದ ನೂರಾ ಹನ್ನೊಂದು ಜನರನ್ನು ಕೇಳಿದ್ದೆ. ಕಟ್ಟೆಯ ಮೇಲೆ ಕೂತ ಒಬ್ಬರನ್ನು ಕೇಳಿರಲಿಲ್ಲ. ಮಜ್ಜಿಗೆ ಮಾಡಿ ತಂದುಕೊಟ್ಟೆ, ಬೀದಿಯ ಬೇಳೆಯನ್ನು ಒಂದೊಂದೇ ಆರಿಸಿದೆ. ಅತ್ತೆ ಮಜ್ಜಿಗೆ ಕುಡಿದು, ಮೊಮ್ಮಗಳನ್ನು ಎತ್ತಿಕೊಂಡು ಶೆಡ್ಡಿಗೆ ಹೋಗಿ ಮಗನ ಎದುರು ಸ್ಟೂಲು ಹಾಕಿಕೊಂಡು ಕೂತರು. ಹೊತ್ತು ಮುಳುಗುವ ಮೊದಲು ಅಂಬಾಸಿಡರ್ ನಾಲ್ಕೂ ಗಾಲಿಯ ಮೇಲೆ ನಿಂತಿತು.

ಭಾನುವಾರ ಎಂಟಕ್ಕೆ ಮನ್ಮಥಪ್ಪನವರು ಬಂದರು. ಗಾಡಿಯನ್ನು ಮೂರು ಸುತ್ತು ಹಾಕಿ ನೋಡಿ, ನಮ್ಮವರ ಹೆಗಲ ಮೇಲೆ ಕೈ ಇಟ್ಟು, "ಆ ಮೂರೂ ಗಾಡಿ ಕಳಸ್ತೇನಿ ತಮ್ಮಾ," ಎಂದರು. ಅನುಸೂಯಾಬಾಯಿ ಹಿಂದಿನ ಸೀಟಿನಲ್ಲಿ ಎಡಗಡೆಯ ಕಿಟಕಿಗೆ ಹೋಗಿ ಕೂತರು. "ಅವತ್ತೂ ನಾ ಇಲ್ಲೇ ಕುಂತಿದ್ದೆ," ಎಂದು ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದೇ ಕೀಲಿಗೆ ಗಾಡಿ ಚಾಲೂ ಆಯಿತು.

"ಕೂಸಿನ್ನ ತಾ ಬಾರವ್ವ," ಎಂದರು ಅನುಸೂಯಾಬಾಯಿ ನನಗೆ. "ಔರಾದಿಗಿ ಹೋಗೂದಕ್ಕಿಂತ ಮೊದ್ಲ ಓಣ್ಯಾಗ ಒಂದು ಸುತ್ತು ಹಾಕಸ್ತೇನಿ. ನಿನ್ನ ಗಂಡನ ಮೊದಲನೇ ಗಾಡಿ, ಮಗಳು ಕುಂದರ್ಬೇಕು."

ಓಡಿಹೋಗಿ ತೊಟ್ಟಿಲಿನಿಂದ ಈಶ್ವರಿಯನ್ನು ಎತ್ತಿದೆ. ಮುಂಜಾನೆಯ ಥಂಡಿ ಎಂದು ಚಾದರ ಸುತ್ತಿ ತಂದು, ಕಾರಿನ ಕಿಟಕಿಯೊಳಗೆ ಹೆಮ್ಮೆಯಿಂದ ಚಾಚಿದೆ. ಅನುಸೂಯಾಬಾಯಿ ಎರಡೂ ಕೈ ನೀಡಿದರು. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ಕೈ ಬಂದು ನಡುವೆ ಅಡ್ಡ ನಿಂತಿತು.

"ತಡೀರಿ ಬಾಯಾರ," ಎಂದರು. "ಇದು ನಮ್ಮ ಸೊಸಿ ಸುತ್ತಿ ಕೊಟ್ಟದ್ದದ. ನಾ ಒಮ್ಮಿ ಬಿಚ್ಚಿ ನೋಡ್ತೇನಿ, ಆಮ್ಯಾಲ ತಗೋರಿ."