ಸವಣೂರಿನ ರಿವಾಲ್ವರು, ನನ್ನ ಬಾಯಿ

ಮಿಮಿಕ್ರಿ ಬಲ್ಲವನಿಗೆ ಊರಿನಲ್ಲಿ ಯಾವ ಕೊರತೆಯೂ ಇಲ್ಲ, ಮರ್ಯಾದೆಯೊಂದನ್ನು ಬಿಟ್ಟು. ಹಂಸಭಾವಿಯ ಜನಕ್ಕೆ ನನ್ನ ಗಂಟಲು ಬೇಕು, ಮುಖ ಬೇಡ. ನಮ್ಮ ಹವ್ಯಾಸಿ ತಂಡದ ನಾಟಕಗಳಲ್ಲಿ ನಾನು ಪರದೆಯ ಹಿಂದೆ ನಿಂತು ನಾಯಿಯಾಗಿ ಬೊಗಳಿದ್ದೇನೆ, ಕೂಸಾಗಿ ಅತ್ತಿದ್ದೇನೆ, ಒಮ್ಮೆ ಕೆಟ್ಟು ನಿಂತ ಟ್ರ್ಯಾಕ್ಟರ್ ಕೂಡ ಆಗಿದ್ದೇನೆ. ಆ ಟ್ರ್ಯಾಕ್ಟರಿಗೆ ಬಿದ್ದ ಚಪ್ಪಾಳೆಯನ್ನು ವೇದಿಕೆಯ ಮೇಲೆ ಸ್ಟೇರಿಂಗ್ ಹಿಡಿದು ಕೂತವನು ಕೈಮುಗಿದು ತೆಗೆದುಕೊಂಡ.

ನಮ್ಮ ತಂಡದಲ್ಲೊಂದು ಪದ್ಧತಿಯಿದೆ. ಪಾತ್ರಕ್ಕೆ ಬೇಕಾದ ಸಾಮಾನು ಯಾರು ತರುತ್ತಾರೋ ಪಾತ್ರ ಅವರದು. ಬಿಳಿ ಕೋಟು ಇದ್ದವನು ಡಾಕ್ಟರು, ಬುಲೆಟ್ ಗಾಡಿ ಇದ್ದವನು ನಾಯಕ. ಬರೀ ಪ್ರತಿಭೆ ಇದ್ದವನು ಪರದೆಯ ಹಿಂದೆ. ಹೀಗಾಗಿ ಈ ಸಲದ ಖಳನಾಯಕನಿಗೆ ಹಳೇ ಕಾಲದ ರಿವಾಲ್ವರು ಬೇಕೆಂದು ನಾಟಕದ ಮಾಸ್ತರು ಹೇಳಿದ್ದೇ ತಡ, ನಾನು ಸವಣೂರಿನ ಬಸ್ಸು ಹತ್ತಿದೆ. ಅಲ್ಲಿ ನಾಟಕದ ಸಾಮಾನಿನ ಅಂಗಡಿಯ ಕಾಕಾ ಹೊಚ್ಚ ಹೊಸದೊಂದನ್ನು ತೆಗೆದುಕೊಟ್ಟರು. ಕಪ್ಪು ಮದ್ದಿನ ರಿವಾಲ್ವರಿನ ಹುಬೇಹೂಬು ನಕಲು. ನಳಿಗೆ ಮುಚ್ಚಿದ್ದು, ಗುಂಡು ಹಾರದು. ಗುಂಡು ತುಂಬುವ ಗಾಲಿಯ ತೂತುಗಳಿಗೆ ಚಿಟಿಕೆ ಮದ್ದು ತುಂಬಿ, ಹಿಂದೆ ಕಿಡಿ ಹೊತ್ತಿಸುವ ಟಿಕಳಿ ಸಿಕ್ಕಿಸಿ ಕುದುರೆ ಎಳೆದರೆ ಸದ್ದು, ಹೊಗೆ ಎರಡೂ ಖಾತ್ರಿಯಂತೆ.

ಕಾಕಾ ಹೇಳಿದರು, “ಒಯ್ರಿ ತಮ್ಮಾ, ಇದು ಢಂ ಅಂದ್ರ ಮುಂದ ಕುಂತವ್ರು ಹಿಂದಿನ ಸಾಲಿಗೆ ಹೋಗಿ ಬೀಳಬೇಕ!”

ಗೋವಿನಜೋಳದ ಗೋದಾಮಿನಲ್ಲಿ ತಾಲೀಮು. ಮದ್ದು, ಟಿಕಳಿ ಹಾಕಿ ಗತ್ತಿನಿಂದ ಕುದುರೆ ಎಳೆದೆ. ‘ಟಿಕ್’ ಎಂದಿತು. ಗಾಲಿ ತಿರುಗಲೇ ಇಲ್ಲ. ಅಂಗಡಿಗೆ ಫೋನು ಮಾಡಿದರೆ, “ಕೈ ಹಸೀ ಇದ್ವೇನು ನೋಡ್ಕೋರಿ,” ಎಂದು ಕಾಕಾ ಇಟ್ಟುಬಿಟ್ಟರು. ನನ್ನ ದನಿಗೆ ಬೆಲೆಯಿಲ್ಲವೆಂದು ಗೊತ್ತಿದ್ದ ನಾನು ಮತ್ತೆ ಫೋನು ಮಾಡಿ ಇನ್‌ಸ್ಪೆಕ್ಟರ್ ದನಿಯಲ್ಲಿ ಗುಡುಗಿದೆ: “ಏನ್ರೀ, ರಿವಾಲ್ವರ್ ಮಾರಾಕತ್ತೀರಂತ?”

“ದೇವ್ರಾಣಿ ಇಲ್ರಿ ಸಾಹೇಬ್ರ! ನಮ್ಮಲ್ಲಿ ಬರೇ ಮೀಸಿ, ಕಿರೀಟ. ಪಿಸ್ತೂಲ ನಾ ಕಣ್ಣಿಲೆ ಕಂಡಿಲ್ಲ!”

ಮರುದಿನ ಬದಲಿಸಲು ಒಯ್ದಾಗ ಕಾಕಾ ರಿವಾಲ್ವರನ್ನು ಮುಟ್ಟಲೂ ಇಲ್ಲ. “ಯಾವ ಅಂಗಡ್ಯಾಗ ತಗೊಂಡ್ರೋ ಏನೋ ತಮ್ಮಾ. ನಿನ್ನೆ ಸಾಹೇಬ್ರ ಮುಂದ ಆಣಿ ಮಾಡೇನಿ. ದೇವ್ರ ಆಣಿ ಸುಳ್ಳ ಮಾಡಾಕ ಬರ್ತದೇನ್ರಿ?” ಜೀವಮಾನದಲ್ಲಿ ನಾನು ಮಾಡಿದ ಅತ್ಯುತ್ತಮ ಮಿಮಿಕ್ರಿ ನನ್ನ ಬುಡಕ್ಕೇ ಕೊಡಲಿ ಹಾಕಿತ್ತು.

ಮುಂದಿನ ತಾಲೀಮಿನಲ್ಲಿ ಅದು ಮತ್ತೆ ‘ಟಿಕ್’ ಎಂದಾಗ, ಚಟ ಕೇಳಬೇಕಲ್ಲ, ನನ್ನ ಬಾಯೇ ‘ಢಂ!’ ಎಂದುಬಿಟ್ಟಿತು. ಗೋದಾಮಿನ ಪಾರಿವಾಳಗಳು ಹಾರಿಹೋದವು. ಮಾಸ್ತರು ಹಿಗ್ಗಿದರು. “ಭಾಳ ಚಲೋ ಆತು ನೋಡು. ಪಿಸ್ತೂಲ ಬಸ್ಯಾ ಹಿಡೀಲಿ, ನೀ ಹಿಂದ ನಿಂತು ಸದ್ದು ಮಾಡು.” ಬಸ್ಯಾ ಎಂದರೆ ಗೊಬ್ಬರದ ಅಂಗಡಿಯವನು, ಅವನ ಬಳಿ ಮೀಸೆ ಇದೆ, ಅಷ್ಟೇ.

“ಮಾಸ್ತರ, ಪಿಸ್ತೂಲ ತಂದಾವ ನಾನ್ರಿ!”

“ಪಿಸ್ತೂಲ ತಂದ್ಯೋ, ತಗಡ ತಂದ್ಯೋ? ಢಂ ಅನ್ನುವಾಗ ನಿನ್ನ ಮಾರಿ ಕನ್ನಡ್ಯಾಗ ನೋಡ್ಕೊಂಡೀಯೇನು? ಆಕಳಿಸೋ ಎಮ್ಮಿ!”

ನಾಟಕದ ದಿನ ನಾನು ಪರದೆಯ ಹಿಂದೆ ಒಂದೇ ನಿರ್ಧಾರ ಮಾಡಿ ನಿಂತೆ: ಬಾಯಿ ಬಿಡುವುದಿಲ್ಲ. ಬಸ್ಯಾ ಕುದುರೆ ಎಳೆದ. ಟಿಕ್. ಜನ ನಕ್ಕರು. ಅವನು ಪರದೆಯತ್ತ ನೋಡಿದ. ನಾನು ಹಲ್ಲು ಕಚ್ಚಿದೆ. ಸಿಟ್ಟಿಗೆದ್ದ ಬಸ್ಯಾ ರಿವಾಲ್ವರನ್ನು ತೊಡೆಗೆ ಬಡಿದು ಮತ್ತೆ ಎಳೆದ. ನನ್ನ ಕೈಯಲ್ಲಿ ಒಮ್ಮೆಯೂ ತಿರುಗದ ಆ ದರಿದ್ರ ಗಾಲಿ ಅವನಿಗೆ ತಿರುಗಿತು. ಢಂ! ವೇದಿಕೆ ತುಂಬ ಹೊಗೆ. ಸಾಯಬೇಕಾದ ನಾಯಕ ನಿಜವಾಗಿ ಹೆದರಿ ಬಿದ್ದ. ಶಿಳ್ಳೆಯೋ ಶಿಳ್ಳೆ.

ಮಾಸ್ತರು ಹಿಂದೆ ಓಡಿಬಂದು ನನ್ನನ್ನು ತಬ್ಬಿಕೊಂಡರು. “ಹೊಗಿ ಆ ತಗಡಿಂದು, ಸದ್ದು ನಿಂದು! ಇಷ್ಟ ದಿನಾ ಎಲ್ಲಿ ಇಟ್ಟಿದ್ಯೋ ಈ ಸದ್ದು? ತಾಲೀಮಿನ್ಯಾಗ ಮಾಡಿದ್ದು ಪಟಾಕಿ, ಇದು ಖರೇ ಕಲಾ!” ಕಚ್ಚಿದ ಹಲ್ಲನ್ನು ಬಿಚ್ಚಿ ನಿಜ ಹೇಳಲು ನನಗೇನಾಗಿತ್ತೋ, ಹೇಳಲಿಲ್ಲ.

ಈಗ ಚಹಾದಂಗಡಿಯಲ್ಲಿ ಕಂಡವರೆಲ್ಲ, “ಆ ಢಂ ಒಮ್ಮೆ ಹೊಡಿಯಪಾ,” ಎನ್ನುತ್ತಾರೆ. ಗಂಟಲು ಹರಿಯುವಂತೆ ಹೊಡೆಯುತ್ತೇನೆ. ತಲೆಯಾಡಿಸಿ, “ಅವತ್ತಿನಂಗ ಬರ್ಲಿಲ್ಲ ಬಿಡು,” ಎಂದು ಎದ್ದು ಹೋಗುತ್ತಾರೆ. ಬರುವುದಾದರೂ ಹೇಗೆ? ಅವತ್ತು ನಾನು ಮಾಡಿದ್ದು ಬಾಯಿ ಮುಚ್ಚಿಕೊಂಡದ್ದು ಮಾತ್ರ. ಅದೊಂದನ್ನು ಎರಡನೇ ಸಲ ಮಾಡಲು ನನಗೆ ಬರುವುದಿಲ್ಲ.